ಕವಳದ ಸುಣ್ಣ ಇದ್ದರೆ ಟಾಕೊ ಕಷ್ಟ ಅಲ್ಲ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಿಗೆ ಅನುಕೂಲ ಆಗುವಷ್ಟು ಮಾತ್ರ ತಿದ್ದಲಾಗಿದೆ.)

ಇವತ್ತಿನ ಮಾತು ಮೆಕ್ಸಿಕನ್ ಅಡುಗೆ ಬಗ್ಗೆ. ಬೆಂಗಳೂರಿನ ಮಾಲ್‌ನಲ್ಲಿ ಹೋಗಿ ತಿನ್ನೋದಲ್ಲ. ಕುಮಟಾ, ಹೊನ್ನಾವರ, ಭಟ್ಕಳದಲ್ಲಿ ನಮ್ಮ ನಮ್ಮ ಮನೆ ಒಲೆ ಮೇಲೆ ಮಾಡೋದನ್ನ ಕಲಿಯೋದು.

ಹೆಚ್ಚಿನವರು ಕಲಿಯೋಕೆ ಶುರು ಮಾಡೋದು ಹೇಗೆ ಅಂದ್ರೆ, ಒಂದು ರೀಲ್ ನೋಡ್ತಾರೆ, ಆನ್‌ಲೈನಲ್ಲಿ ಟಾಕೊ ಕಿಟ್ ಆರ್ಡರ್ ಮಾಡ್ತಾರೆ. ಗರಿಗರಿ ಚಿಪ್ಪು, ಒಂದು ಪ್ಯಾಕೆಟ್ ಮಸಾಲೆ, ಒಂದು ಬಾಟಲಿ ಸಾಸ್. ನಮ್ಮೂರಿಗೆ ಬರುವಷ್ಟರಲ್ಲಿ ಚಿಪ್ಪು ಅರ್ಧ ಪುಡಿ. ಉಳಿದದ್ದಕ್ಕೆ ರಾಜ್ಮಾ, ಚೀಸ್ ತುಂಬಿ, ಫೋಟೊ ತೆಗೆದು, ಮುಗೀತು. ಮತ್ತೊಂದು ಸಲ ಮಾಡಬೇಕು ಅಂದ್ರೆ ಮತ್ತೊಂದು ಕಿಟ್ಟಿಗೆ ದುಡ್ಡು. ಇದರಲ್ಲಿ ಕಲಿತದ್ದು ಎಂತ ಮಾರಾಯ್ರೆ? ಪ್ಯಾಕೆಟ್ ಕತ್ತರಿಸೋದು.

ಆ ಯು ಆಕಾರದ ರೆಡಿ ಚಿಪ್ಪು ಮೆಕ್ಸಿಕೋದವರ ದಿನನಿತ್ಯದ ಊಟವೂ ಅಲ್ಲ. ಎಣ್ಣೇಲಿ ಕರಿದ ಟಾಕೊ ಅಲ್ಲೂ ಇದೆ, ಇಲ್ಲ ಅಂತಲ್ಲ. ಆದರೆ ಅಂಗಡಿ ಚಿಪ್ಪು, ಹಳದಿ ಚೀಸು, ಜೀರಿಗೆ ಪುಡಿಯ ಘಾಟು, ಇವೆಲ್ಲ ಗಡಿಯಾಚೆ ಅಮೆರಿಕದಲ್ಲಿ ಬೆಳೆದ ರೂಪ. ಟಾಕೊ ಬೆಲ್ ಶುರುವಾಗಿದ್ದು 1962ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಮೆಕ್ಸಿಕೋದೊಳಗೆ ಎರಡು ಸಲ ಅಂಗಡಿ ತೆರೆದು, ಎರಡೂ ಸಲ ಮುಚ್ಚಿದ ಕಂಪನಿ ಅದು. ಭಾರತದ ಮೊದಲ ಅಂಗಡಿಯನ್ನ 2010ರಲ್ಲಿ ಬೆಂಗಳೂರಲ್ಲಿ ತೆರೆಯಿತು. ಅದೇ 2010ರಲ್ಲೇ ಯುನೆಸ್ಕೊ ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಯನ್ನ ಮಾನವಕುಲದ ಪರಂಪರೆ ಅಂತ ತನ್ನ ಪಟ್ಟಿಗೆ ಸೇರಿಸಿತು. ನಮಗೆ ತಲುಪಿದ್ದು ಮೊದಲನೇದು, ಎರಡನೇದಲ್ಲ.

ಹಾಗಾದ್ರೆ ಎರಡನೇದು ಎಂತದು? ನಾನು ಒಂದೇ ವಸ್ತು ಹಿಡ್ಕೊಂಡು ಹೇಳ್ತೀನಿ. ಸುಣ್ಣ.

ಹೌದು, ನಾವು ಕವಳಕ್ಕೆ ಹಚ್ಚೋ ಸುಣ್ಣ. ಅಜ್ಜನ ಕವಳದ ತಬಕಿನಲ್ಲಿ ಸಣ್ಣ ಡಬ್ಬಿ ಇರತ್ತಲ್ಲ, ಅದೇ. ಮೆಕ್ಸಿಕೋದ ಜನ ಸಾವಿರಾರು ವರ್ಷದಿಂದ ಒಣ ಮೆಕ್ಕೆಜೋಳವನ್ನ ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿ ಪೂರ್ತಿ ನೆನೆಯಲು ಬಿಟ್ಟು, ತೊಳೆದು, ಆಮೇಲೆ ರುಬ್ಬುತ್ತಾರೆ. ಹೀಗೆ ಮಾಡಿದ ಕಾಳಿಗೆ ನಿಷ್ಟಮಲ್ ಅಂತ ಹೆಸರು. ನಾವಾತ್ಲ್ ಅನ್ನೋ ಅಲ್ಲಿಯ ಹಳೇ ಭಾಷೆಯ ಮಾತು. ಆ ಹಿಟ್ಟಿಗೆ ಮಾಸಾ ಅಂತಾರೆ. ಮಾಸಾ ತಟ್ಟಿ ಸುಟ್ಟರೆ ಟೋರ್ಟಿಯಾ, ಎಲೇಲಿ ಕಟ್ಟಿ ಹಬೇಲಿ ಬೇಯಿಸಿದರೆ ತಮಾಲೆ. ಮಧ್ಯ ಮತ್ತು ದಕ್ಷಿಣ ಮೆಕ್ಸಿಕೋದ ಊಟ ನಿಂತಿರೋದೇ ಇದರ ಮೇಲೆ. ಸುಣ್ಣ ಇಲ್ಲದೆ ಮಾಡಿದ ಮೆಕ್ಕೆಜೋಳದ ಹಿಟ್ಟು ತಣ್ಣೀರಲ್ಲಿ ಕಲಸಿದರೆ ಉದುರತ್ತೆ, ಅಂಟೋದಿಲ್ಲ. ಸುಣ್ಣ ಕಾಳಿನ ಸಿಪ್ಪೆಯನ್ನ ಕರಗಿಸಿ ಗೋಂದಿನ ಥರ ಮಾಡತ್ತೆ. ಅದಕ್ಕೇ ಮಾಸಾ ಮುದ್ದೆ ಆಗತ್ತೆ, ತೆಳ್ಳಗೆ ತಟ್ಟಬಹುದು, ಮಡಚಿದರೆ ಮುರಿಯೋದಿಲ್ಲ.

ಬರೀ ಅಂಟಿನ ವಿಷಯ ಆಗಿದ್ರೆ ನಾನು ಇಷ್ಟು ಹೇಳ್ತಿರಲಿಲ್ಲ. ಮೆಕ್ಕೆಜೋಳದಲ್ಲಿ ನಯಾಸಿನ್ ಅನ್ನೋ ವಿಟಮಿನ್ ಇದೆ, ಆದರೆ ಅದು ಕಟ್ಟಿಹಾಕಿದ ಸ್ಥಿತೀಲಿ ಇರತ್ತೆ, ನಮ್ಮ ದೇಹಕ್ಕೆ ಸಿಗೋದಿಲ್ಲ. ಸುಣ್ಣದಲ್ಲಿ ಬೇಯಿಸಿದರೆ ಬಿಡುಗಡೆ ಆಗತ್ತೆ. ಸ್ಪೇನಿನವರು ಮೆಕ್ಕೆಜೋಳದ ಬೀಜ ತಗೊಂಡು ಹೋದರು, ಸುಣ್ಣದ ವಿದ್ಯೆ ತಗೊಂಡು ಹೋಗಲಿಲ್ಲ. ಮುಂದೆ ಯುರೋಪಿನ ಬಡವರು ದಿನವೂ ಅದನ್ನೇ ತಿನ್ನೋ ಹಾಗಾದಾಗ ಚರ್ಮ ಒಡೆಯೋ, ಹೊಟ್ಟೆ ಕೆಡೋ, ಬುದ್ಧಿ ಭ್ರಮಣೆ ಆಗೋ ಒಂದು ರೋಗ ಬಂತು. 1735ರಲ್ಲೇ ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ ಅದನ್ನ ಗುರುತಿಸಿದ್ದ. ಇಟಲಿಯವರು ಪೆಲ್ಲಾಗ್ರಾ ಅಂತ ಹೆಸರಿಟ್ಟರು. 20ನೇ ಶತಮಾನದ ಶುರುವಿನಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಸಾವಿರಾರು ಜನ ಅದರಿಂದ ಸತ್ತರು. ಅಂಟುರೋಗ ಇರಬೇಕು ಅಂತ ವೈದ್ಯರೇ ನಂಬಿದ್ದರು. 1914ರಿಂದ ಜೋಸೆಫ್ ಗೋಲ್ಡ್‌ಬರ್ಗರ್ ಅನ್ನೋ ವೈದ್ಯ ಇದು ಅಂಟುರೋಗ ಅಲ್ಲ, ಊಟದ ಕೊರತೆ ಅಂತ ತೋರಿಸ್ತಾ ಬಂದ. ಕೊರತೆ ನಯಾಸಿನ್‌ದು ಅಂತ ತಿಳಿದದ್ದು 1937ರಲ್ಲಿ. ಇಷ್ಟೆಲ್ಲ ಆಗುವಾಗ ಮೆಕ್ಸಿಕೋದ ಹಳ್ಳಿ ಹೆಂಗಸರು ದಿನಾ ರಾತ್ರಿ ಸುಣ್ಣದ ನೀರಲ್ಲಿ ಜೋಳ ನೆನೆಸ್ತಾನೇ ಇದ್ದರು.

(ಗಾಬರಿ ಬೇಡ. ನಾವು ಅನ್ನ, ಬೇಳೆ, ಮೀನು ತಿನ್ನೋರು. ಅಪರೂಪಕ್ಕೆ ಸುಟ್ಟ ಜೋಳದ ತೆನೆ ತಿಂದರೆ ಎಂತದೂ ಆಗೋದಿಲ್ಲ.)

ನಮ್ಮ ಕರಾವಳಿಗೂ ಹಾಗೇ ಆಯಿತು ಅನ್ನಬಹುದು. ವಸ್ತು ಬಂತು, ವಿದ್ಯೆ ಬರಲಿಲ್ಲ. ಮೆಣಸಿನಕಾಯಿ ಮೆಕ್ಸಿಕೋ ಕಡೆಯದು, ನಮಗೆ ತಂದುಕೊಟ್ಟವರು ಪೋರ್ಚುಗೀಸರು. ಅದಕ್ಕೆ ಮೊದಲು ಮೆಣಸು ಅಂದ್ರೆ ಕಾಳುಮೆಣಸೇ. ಹೊಸಬ ಬಂದು ಹೆಸರು ಕಿತ್ಕೊಂಡ ಮೇಲೆ ಹಳಬನನ್ನ ಗುರುತಿಸೋಕೆ ಕಾಳು ಅಂತ, ಕರಿ ಅಂತ ಸೇರಿಸಬೇಕಾಯ್ತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನ ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದದ್ದೂ ಆ ಕಾಳುಮೆಣಸಿನಿಂದ. ಹೊನ್ನಾವರವನ್ನ ಅವರು ಹಿಡಿದದ್ದು 1569ರಲ್ಲಿ. ಭಟ್ಕಳ ಆಗಲೇ ದೊಡ್ಡ ಬಂದರು. ಟೊಮೆಟೊ, ಚಿಕ್ಕು, ಪಪ್ಪಾಯಿ, ಸಿಹಿಗುಂಬಳ, ಪೇರಲೆ, ರಾಜ್ಮಾ, ಇವೆಲ್ಲ ಅಮೆರಿಕ ಖಂಡದವು. ಚಿಕ್ಕು ಅನ್ನೋ ಮಾತಿನ ಬೇರೂ ನಾವಾತ್ಲ್ ಭಾಷೇಲೇ ಇದೆ. ಅಂದ್ರೆ ಸಾಮಾನು ಎಲ್ಲ ನಮ್ಮ ಹಿತ್ತಲಿಗೆ ಬಂದು ಯಾವ ಕಾಲ ಆಯ್ತೋ. ಕಲಿಯಬೇಕಾದದ್ದು ಕೆಲಸದ ಕ್ರಮ.

ಆ ಕ್ರಮದಲ್ಲೂ ಅರ್ಧ ನಮಗೆ ಗೊತ್ತಿರೋದೇ. ಅವರ ಕೊಮಾಲ್ ಅಂದ್ರೆ ನಮ್ಮ ಕಾವಲಿ. ಮೆತಾತೆ ಅಂದ್ರೆ ಅರೆಯೋ ಕಲ್ಲು. ಬದನೆಕಾಯಿ ಕೆಂಡದಲ್ಲಿ ಸುಟ್ಟು ಗೊಜ್ಜು ಮಾಡ್ತೀವಲ್ಲ, ಅದೇ ಕೈ ಅವರ ಸಾಲ್ಸಾದ್ದು. ಅರಿಶಿನದ ಎಲೇಲಿ ಕಡುಬು ಕಟ್ಟೋ ಮನೆಯವರಿಗೆ ಬಾಳೆ ಎಲೆಯ ತಮಾಲೆ ಬೇರೆಯಾಗಿ ಹೇಳಿಕೊಡೋದೇನಿದೆ?

ಸರಿ, ಕೆಲಸಕ್ಕೆ ಬರೋಣ. ಮೊದಲು ಜೋಳ.

ಕರಾವಳೀಲಿ ಮೆಕ್ಕೆಜೋಳ ಬೆಳೆಯೋದಿಲ್ಲ, ಘಟ್ಟದ ಮೇಲೆ ಹಾವೇರಿ, ದಾವಣಗೆರೆ ಕಡೆಯದು ಬರಬೇಕು. ಹೆಚ್ಚಿನ ಪಾಲು ಕೋಳಿ ಮೇವಿಗೆ ಹೋಗತ್ತೆ. ನೀವು ಮನೆಗೆ ತಂದರೆ ‘ಇದು ಕೋಳಿಗೆ ಹಾಕೋ ಜೋಳ ಅಲ್ದನೇ ಮಗಾ?’ ಅಂತ ಅಜ್ಜಿ ಕೇಳೋದು ಗ್ಯಾರಂಟಿ. ಕೇಳಲಿ. ಆದರೆ ಮೂರು ಎಚ್ಚರ. ಬಿತ್ತನೆ ಬೀಜ ಬೇಡವೇ ಬೇಡ, ಅದಕ್ಕೆ ಔಷಧಿ ಲೇಪ ಇರತ್ತೆ, ಬಣ್ಣ ನೋಡಿದರೇ ಗೊತ್ತಾಗತ್ತೆ. ಬೂಸ್ಟು ಹಿಡಿದ, ಮುಗ್ಗಲು ವಾಸನೆಯ ಕಾಳು ಬೇಡ, ತೊಳೆದರೂ ಬೇಯಿಸಿದರೂ ಆ ವಿಷ ಪೂರ್ತಿ ಹೋಗೋದಿಲ್ಲ. ಸ್ವೀಟ್ ಕಾರ್ನ್ ಕೂಡ ಆಗೋದಿಲ್ಲ, ಅದರಲ್ಲಿ ಸಕ್ಕರೆ, ನೀರು ಜಾಸ್ತಿ, ಹಿಟ್ಟಿನ ಅಂಶ ಕಡಿಮೆ. ಒಳ್ಳೇ ಜೋಳ ಸಿಗಲಿಲ್ಲ ಅಂದ್ರೆ ಕಿರಾಣಿ ಅಂಗಡೀಲಿ ಪಾಪ್‌ಕಾರ್ನ್ ಕಾಳು ಸಿಗತ್ತೆ, ಎಣ್ಣೆ ಉಪ್ಪು ಹಾಕಿರದ ಒಣ ಕಾಳು. ಬೇಯೋಕೆ ಸ್ವಲ್ಪ ಹೆಚ್ಚು ಹೊತ್ತು, ಆದರೆ ಕೆಲಸ ಆಗತ್ತೆ, ತಿನ್ನೋಕೆ ಅಂತಲೇ ಮಾರೋದು.

ಅರ್ಧ ಕೆ.ಜಿ. ಕಾಳು, ಒಂದೂವರೆ ಲೀಟರ್ ನೀರು. ಸುಣ್ಣದ ಲೆಕ್ಕ ಕಾಳಿನ ತೂಕದ ನೂರಕ್ಕೆ ಒಂದು ಪಾಲು, ಅಂದ್ರೆ ಪುಡಿಯಾದ್ರೆ 5 ಗ್ರಾಂ. ಕವಳದ ಸುಣ್ಣ ನೀರು ಬೆರೆತು ಬೆಣ್ಣೆ ಥರ ಇರೋದರಿಂದ ಸಣ್ಣ ಚಮಚದಲ್ಲಿ ಎರಡು. ಬಿಳಿ ಸುಣ್ಣವೇ ಇರಲಿ, ಪರಿಮಳ, ಬಣ್ಣ ಹಾಕಿದ್ದು ಬೇಡ. ಗೋಡೆಗೆ ಬಳಿಯೋ ಸುಣ್ಣ ಯಾವ ಕಾರಣಕ್ಕೂ ಬೇಡ. ಪಾತ್ರೆ ಸ್ಟೀಲಿನದು. ಅಲ್ಯೂಮಿನಿಯಂ ಪಾತ್ರೆಯನ್ನ ಸುಣ್ಣ ತಿಂದು ಹಾಕತ್ತೆ. ಕೈ ಹಾಕಿ ಕಲಸಬೇಡಿ, ಕಣ್ಣಿಗೆ ತಾಗಿಸಬೇಡಿ.

ಸುಣ್ಣವನ್ನ ನೀರಲ್ಲಿ ಕದಡಿ, ಕಾಳು ಹಾಕಿ, ಸಣ್ಣ ಉರೀಲಿ 40 ನಿಮಿಷ ಕುದಿಸಿ. ಕಾಳು ಹಳದಿ ಗಾಢ ಆಗ್ತಾ ಬರತ್ತೆ. ಒಂದು ಕಾಳು ತೆಗೆದು ತಣ್ಣೀರಲ್ಲಿ ತೊಳೆದು ಬೆರಳಲ್ಲಿ ಉಜ್ಜಿ, ಸಿಪ್ಪೆ ಜಾರಿ ಬಂದರೆ ಸಾಕು. ಕಚ್ಚಿದರೆ ಒಳಗೆ ಇನ್ನೂ ಗಟ್ಟಿ ಇರಬೇಕು, ಪೂರ್ತಿ ಬೆಂದರೆ ಹಿಟ್ಟು ಅಂಟಂಟು. ಒಲೆ ಆರಿಸಿ ಮುಚ್ಚಿಡಿ, ಬೆಳಗ್ಗೆ ನೋಡೋಣ. ವಾಸನೆ ಬರತ್ತೆ, ಹೊಸದಾಗಿ ಸುಣ್ಣ ಬಳಿದ ಗೋಡೆ ಮೇಲೆ ಮೊದಲ ಮಳೆ ಬಿದ್ದಾಗ ಬರೋ ಥರದ್ದು. ಟೋರ್ಟಿಯಾದ ನಿಜವಾದ ಪರಿಮಳದ ಮೂಲ ಅದೇ. ಕಿಟ್ಟಿನಲ್ಲಿ ಸಿಗದೇ ಇರೋದು.

ಬೆಳಗ್ಗೆ ಆ ಹಳದಿ ನೀರು ಚೆಲ್ಲಿ, ನಾಲ್ಕೈದು ಸಲ ಒಳ್ಳೇ ನೀರಲ್ಲಿ ಕಾಳು ಉಜ್ಜಿ ತೊಳೆಯಿರಿ. ಸಿಪ್ಪೆ ಅರ್ಧ ಹೋದರೆ ಸಾಕು, ಎಲ್ಲ ಹೋದರೆ ಅಂಟು ಕಡಿಮೆ. ಆಮೇಲೆ ರುಬ್ಬೋದು. ಕಷ್ಟದ ಜಾಗ ಇದೊಂದೇ. ಕಲ್ಲಿನ ಗ್ರೈಂಡರ್ ಇದ್ದರೆ ಸುಖ, ನೀರು ಚಿಮುಕಿಸ್ತಾ ನುಣ್ಣಗೆ ಬರೋವರೆಗೆ. ಮಿಕ್ಸಿಯಾದರೆ ಒಂದೊಂದು ಹಿಡಿಯಷ್ಟೇ, ನಿಲ್ಲಿಸಿ ನಿಲ್ಲಿಸಿ. ಇಲ್ಲದಿದ್ರೆ ಮೋಟಾರು ಬಿಸಿಯಾಗತ್ತೆ, ಆಮೇಲೆ ಮನೇಲಿ ಬೈಗುಳ ನಿಮಗೆ. ನೀರು ಜಾಸ್ತಿ ಆದರೆ ಬಟ್ಟೇಲಿ ಕಟ್ಟಿ ಸ್ವಲ್ಪ ಹೊತ್ತು ತೂಗುಹಾಕಿ. ಹಿಟ್ಟು ರೊಟ್ಟಿ ಹಿಟ್ಟಿಗಿಂತ ಮೆತ್ತಗೆ, ಕೈಗೆ ಅಂಟದ ಹಾಗೆ ಇರಬೇಕು. ಒಂದು ಉಂಡೆ ಒತ್ತಿ ನೋಡಿ, ಅಂಚು ಬಿರಿದರೆ ನೀರು ಕಡಿಮೆ.

ಸಣ್ಣ ನಿಂಬೆಹಣ್ಣಿನಷ್ಟು ಉಂಡೆ. ಹಾಲಿನ ಪ್ಯಾಕೆಟ್ ಕತ್ತರಿಸಿ ತೊಳೆದು ಎರಡು ಹಾಳೆ ಮಾಡಿ, ಮಧ್ಯೆ ಉಂಡೆ ಇಟ್ಟು ಭಾರದ ಪಾತ್ರೇಲಿ ಒತ್ತಿ. ಪೂರಿ ಒತ್ತೋ ಮಣೆ ಇದ್ದರೆ ಇನ್ನೂ ಚೆನ್ನ. ಬಾಳೆ ಎಲೆ ಮೇಲೆ ಹೋಳಿಗೆ ತಟ್ಟಿ ಅಭ್ಯಾಸ ಇದ್ದವರಿಗೆ ಯಾವ ಯಂತ್ರವೂ ಬೇಡ. ಕಾವಲಿ ಚೆನ್ನಾಗಿ ಕಾದಿರಬೇಕು, ಎಣ್ಣೆ ಬೇಡ. ಮೊದಲ ಬದಿ ಅರ್ಧ ನಿಮಿಷ, ತಿರುವಿ ಒಂದು ನಿಮಿಷ, ಮತ್ತೆ ತಿರುವಿದಾಗ ಮಧ್ಯೆ ಉಬ್ಬತ್ತೆ. ತೆಗೆದು ಬಟ್ಟೇಲಿ ಸುತ್ತಿಡಿ. ಆ ಹಬೇಲಿ ಹತ್ತು ನಿಮಿಷ ಇದ್ದ ಮೇಲೇ ಮೃದು ಆಗೋದು, ಕಾವಲಿಯಿಂದ ತೆಗೆದ ತಕ್ಷಣ ತಿಂದು ಗಟ್ಟಿ ಆಯ್ತು ಅಂತ ಬೇಜಾರು ಮಾಡ್ಕೋಬೇಡಿ. ಅರ್ಧ ಕೆ.ಜಿ. ಕಾಳಿಗೆ ಸುಮಾರು 30 ಆಗತ್ತೆ.

ಚಪಾತೀಲಿ ಮಾಡಿದರೆ ಟಾಕೊ ಅಲ್ವಾ ಅಂತ ಕೇಳೋರಿದ್ದಾರೆ. ಉತ್ತರ ಮೆಕ್ಸಿಕೋದ ಸೊನೋರಾದಲ್ಲಿ ಗೋಧಿ ಟೋರ್ಟಿಯಾನೇ ರೂಢಿ. ಹಾಗಾಗಿ ಅವಸರದ ದಿನ ಚಪಾತಿಗೆ ನನ್ನ ತಕರಾರಿಲ್ಲ. ಮೈದಾ ಪರೋಟಕ್ಕೆ ಮಯೋನೀಸ್ ಸುರಿದು ಮೆಕ್ಸಿಕನ್ ರೋಲ್ ಅಂತ ಮಾರೋದಕ್ಕೆ ತಕರಾರಿದೆ.

ಒಳಗೆ ಹಾಕೋದು ಎಂತ? ಇಲ್ಲಿ ಮೂರೂ ಊರಿಗೆ ಮೂರು ದಾರಿ.

ಕುಮಟಾದಲ್ಲಿ ಈರುಳ್ಳಿ. ಬೇಸಿಗೇಲಿ ಅಳ್ವೇಕೋಡಿ, ಹಂದಿಗೋಣ ಕಡೆ ಹೆದ್ದಾರಿ ಬದಿ ಜಡೆ ಹೆಣೆದು ತೂಗುಹಾಕಿರ್ತಾರಲ್ಲ, ಆ ಸಿಹಿ ಈರುಳ್ಳಿ. ತೆಳ್ಳಗೆ ಹೆಚ್ಚಿ, ಉಪ್ಪು, ನಿಂಬೆರಸ ಹಾಕಿ ಒಂದು ಗಂಟೆ ಬಿಡಿ. ಯುಕತಾನ್ ಪ್ರಾಂತ್ಯದವರು ಹುಳಿ ಕಿತ್ತಳೆ ರಸದಲ್ಲಿ ಹೀಗೇ ಮಾಡ್ತಾರೆ. ನಿಮ್ಮ ಮನೇಲಿ ಕಂಚಿಕಾಯಿ ಇದ್ದರೆ ಅದನ್ನೇ ಹಾಕಿ ನೋಡಿ. ಯಾವ ಟಾಕೊಗಾದರೂ ಮೇಲೆ ಒಂದು ಚಿಟಿಕೆ ಇದು ಇರಲಿ.

ಹೊನ್ನಾವರದಲ್ಲಿ ಮೀನು. ಬಾಹಾ ಕ್ಯಾಲಿಫೋರ್ನಿಯಾ ಅನ್ನೋದು ಮೆಕ್ಸಿಕೋದ ಪಶ್ಚಿಮ ಕರಾವಳಿ, ಅಲ್ಲಿ ಎನ್ಸೆನಾದ ಪಟ್ಟಣದ ಮೀನು ಟಾಕೊ ಹೆಸರುವಾಸಿ. ಮುಳ್ಳಿಲ್ಲದ ಮೀನಿನ ತುಂಡನ್ನ ಹಿಟ್ಟಲ್ಲಿ ಅದ್ದಿ ಕರಿದು, ಮೇಲೆ ಹೆಚ್ಚಿದ ಎಲೆಕೋಸು, ಸಾಲ್ಸಾ, ನಿಂಬೆ. ಇಸೋಣ ಆದರೆ ಒಳ್ಳೇದು, ದುಬಾರಿ ಅನಿಸಿದರೆ ಶೆಟ್ಲಿ. ಬಂಗಡೆಯೂ ಆಗತ್ತೆ, ಮುಳ್ಳು ಬಿಡಿಸೋ ತಾಳ್ಮೆ ಇದ್ದರೆ. ಹಸಿ ಮೀನನ್ನ ನಿಂಬೆರಸದಲ್ಲೇ ನೆನೆಸಿ ತಿನ್ನೋ ಸೆವಿಚೆ ವಿಡಿಯೊ ನೋಡಿ ಮರುಳಾಗಬೇಡಿ. ನಿಂಬೆರಸ ಮೀನಿನ ಬಣ್ಣ ಬದಲಿಸತ್ತೆ, ರೋಗಾಣು ಎಲ್ಲ ಸಾಯೋದಿಲ್ಲ. ಶೆಟ್ಲಿ, ಬಳಚು ಬೇಯಿಸಿಯೇ ನಿಂಬೆಗೆ ಹಾಕಿ. ಜೂನ್ 1ರಿಂದ ಜುಲೈ ಕೊನೆವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ, ಆಗ ಮೀನು ಬಿಟ್ಟು ಕಾಳು ಮಾಡಿ. ರಾಜ್ಮಾ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಚೆನ್ನಾಗಿ ಕುದಿಸಿ ಬೇಯಿಸಬೇಕು, ಅರೆಬೆಂದ ರಾಜ್ಮಾ ಹೊಟ್ಟೆ ಕೆಡಿಸತ್ತೆ. ಬೆಂದದ್ದನ್ನ ಈರುಳ್ಳಿ ಜೊತೆ ಎಣ್ಣೇಲಿ ಮಸೆದು ಹುರಿದರೆ ಅದೇ ಫ್ರಿಹೋಲೆಸ್ ರೆಫ್ರಿತೋಸ್. ಎರಡು ಸಲ ಹುರಿಯೋದು ಅಂತ ಅರ್ಥ ಅಲ್ಲ, ಚೆನ್ನಾಗಿ ಹುರಿಯೋದು ಅಂತ.

ಭಟ್ಕಳದವರಿಗೆ ಹೇಳೋದು ನನಗೆ ತುಂಬಾ ಖುಷಿಯ ವಿಷಯ. ಊರಿನ ಮನೆಮನೆಗೂ ಗಲ್ಫ್ ನಂಟು, ಶವರ್ಮಾ ಗೊತ್ತಿಲ್ಲದ ಹುಡುಗರಿಲ್ಲ. ಮೆಕ್ಸಿಕೋದ ಅತಿ ಪ್ರಸಿದ್ಧ ಟಾಕೊ ಅಲ್ ಪಾಸ್ತೋರ್ ಹುಟ್ಟಿದ್ದೇ ಶವರ್ಮಾದಿಂದ. ಲೆಬನಾನ್ ಕಡೆಯಿಂದ ವಲಸೆ ಹೋದವರು ಪುವೆಬ್ಲಾ ನಗರದಲ್ಲಿ 1930ರ ದಶಕದಲ್ಲಿ ನಿಂತ ಸರಳಿಗೆ ಮಾಂಸ ಚುಚ್ಚಿ ಸುಟ್ಟು ಅರಬ್ ಟಾಕೊ ಅಂತ ಮಾರಿದರು. ಮೆಕ್ಸಿಕೋದವರು ಅದಕ್ಕೆ ತಮ್ಮ ಕೆಂಪು ಮೆಣಸು, ಅನಾನಸು ಸೇರಿಸಿದರು. ಅಲ್ಲಿ ಹಂದಿ ಮಾಂಸ, ಇಲ್ಲಿ ಕೋಳಿ ಮಾಡಿ, ಮಸಾಲೆ ಅದೇ. ಎಂಟು ಬ್ಯಾಡಗಿ ಮೆಣಸು ಬೀಜ ತೆಗೆದು, ಕಾವಲಿ ಮೇಲೆ ಕೆಲವೇ ಸೆಕೆಂಡು ಬಿಸಿ ಮಾಡಿ. ಕಪ್ಪಾದರೆ ಕಹಿ. ಬಿಸಿ ನೀರಲ್ಲಿ 20 ನಿಮಿಷ ನೆನೆಸಿ, ಬೆಳ್ಳುಳ್ಳಿ, ಚಿಟಿಕೆ ಜೀರಿಗೆ, ಹುಳಿ, ಉಪ್ಪು ಹಾಕಿ ರುಬ್ಬಿ. ಅವರ ಗ್ವಾಹಿಯೊ ಮೆಣಸಿನ ಕೆಲಸವನ್ನ, ಅಂದ್ರೆ ಬಣ್ಣ ಜಾಸ್ತಿ ಖಾರ ಕಡಿಮೆ, ಬ್ಯಾಡಗಿ ಆರಾಮಾಗಿ ಮಾಡತ್ತೆ. ಕೋಳಿಗೆ ಹಚ್ಚಿ ಎರಡು ಗಂಟೆ ಬಿಟ್ಟು, ಕಾವಲೀಲಿ ಜೋರು ಉರಿಗೆ ಹುರಿಯಿರಿ. ಅನಾನಸು ಕೊನೇಲಿ ಸುಟ್ಟು ಹಾಕಿ. ಮೊದಲೇ ಹಸಿ ಅನಾನಸು ಬೆರೆಸಿಟ್ಟರೆ ಮಾಂಸ ಮುದ್ದೆಯಾಗತ್ತೆ. ಗರಂ ಮಸಾಲೆ ಡಬ್ಬಿ ಕಡೆ ಕೈ ಹೋಗಬಾರದು.

ಸಾಲ್ಸಾ ಇಲ್ಲದೆ ಎಂತದೂ ಪೂರ್ತಿ ಅಲ್ಲ. ನಾಲ್ಕು ಟೊಮೆಟೊ, ಅರ್ಧ ಈರುಳ್ಳಿ, ಸಿಪ್ಪೆ ಸಮೇತ ಮೂರು ಎಸಳು ಬೆಳ್ಳುಳ್ಳಿ, ಎರಡು ಹಸಿಮೆಣಸು. ಎಣ್ಣೆ ಇಲ್ಲದ ಕಾವಲಿ ಮೇಲೆ ಕಪ್ಪು ಕಲೆ ಬರೋವರೆಗೆ ಸುಟ್ಟು, ಉಪ್ಪು ಹಾಕಿ ತರಿತರಿಯಾಗಿ ಕುಟ್ಟಿ. ಒಗ್ಗರಣೆ ಬೇಡ. ಬೇಡ ಅಂದ್ರೂ ಅಮ್ಮ ಸಾಸಿವೆ ಸಿಡಿಸೋಕೆ ಹೊರಡ್ತಾರೆ, ತಡೆಯಿರಿ. ಹಸಿರು ಸಾಲ್ಸಾಕ್ಕೆ ಅವರು ಬಳಸೋ ಹುಳಿಯಾದ ತೊಮಾತಿಯೊ ಇಲ್ಲಿ ಸಿಗೋದಿಲ್ಲ. ಹಸಿ ಟೊಮೆಟೊ ಜೊತೆ ಎರಡು ಬಿಂಬಲಿಕಾಯಿ ಹಾಕಿದರೆ ಆ ಹುಳಿ ಬರತ್ತೆ. ಸೂಜಿಮೆಣಸು ಇದ್ದರೆ ಒಂದೇ ಒಂದು ಸಾಕು.

ಇನ್ನು ಒರೆಗಾನೊ. ಪಿಜ್ಜಾ ಜೊತೆ ಬರೋ ಪೊಟ್ಟಣದ್ದು ಮೆಡಿಟರೇನಿಯನ್ ಗಿಡ, ಮೆಕ್ಸಿಕೋದವರ ಒರೆಗಾನೊ ಬೇರೆಯೇ ಗಿಡ. ಆದರೆ ಹಿತ್ತಲಲ್ಲಿ ದೊಡ್ಡಪತ್ರೆ ಇದ್ಯಾ? ಕೆಮ್ಮಿಗೆ ರಸ ಹಿಂಡ್ತಾರಲ್ಲ, ಅದು. ಕೆರಿಬಿಯನ್ ಕಡೆ ಅದನ್ನೇ ಒರೆಗಾನೊ ಅಂತ ಅಡುಗೆಗೆ ಹಾಕ್ತಾರೆ. ಒಂದೆರಡು ಎಲೆ ಸಣ್ಣಗೆ ಹೆಚ್ಚಿ ಕಾಳಿಗೆ ಹಾಕಿ ನೋಡಿ.

ಬೆಣ್ಣೆಹಣ್ಣು, ಅಂದ್ರೆ ಅವಕಾಡೊ, ಇಲ್ಲದಿದ್ರೆ ಬಿಟ್ಟುಬಿಡಿ. ಅದಿಲ್ಲದೆ ಮೆಕ್ಸಿಕನ್ ಊಟ ಆಗೋದಿಲ್ಲ ಅನ್ನೋದು ಇನ್‌ಸ್ಟಾಗ್ರಾಮಿನ ನಂಬಿಕೆ. ಚೀಸ್ ಬದಲು ಪನೀರ್ ಪುಡಿ ಮಾಡಿ ಉಪ್ಪು ಬೆರೆಸಿ ಉದುರಿಸಿ, ಅಲ್ಲಿಯ ತಾಜಾ ಕೆಸೊ ಹೆಚ್ಚುಕಡಿಮೆ ಹಾಗೇ.

ಸುಣ್ಣದ ವಿಷಯದಲ್ಲಿ ಒಂದು ಬಾಕಿ ಇದೆ. ಮಾಯಾ ಜನಾಂಗದ ಲಕಾಂಡೋನ್ ಸಮುದಾಯದವರು ನದಿ ಬಸವನಹುಳುವಿನ ಚಿಪ್ಪು ಸುಟ್ಟು ಸುಣ್ಣ ಮಾಡ್ತಿದ್ದರು. ಅಘನಾಶಿನಿ ಅಳಿವೆಯ ಚಿಪ್ಪಿಂದ ನಮ್ಮಲ್ಲಿ ಮಾಡಿದ್ದೂ ಅದೇ. ಅದನ್ನ ಒಬ್ಬರು ಜೋಳಕ್ಕೆ ಹಾಕಿದರು, ನಾವು ಎಲೆಗೆ ಹಚ್ಚಿದೆವು.

ಮಿಕ್ಕ ಟೋರ್ಟಿಯಾ ಬಿಸಾಡಬೇಡಿ. ಮರುದಿನ ತ್ರಿಕೋನ ಕತ್ತರಿಸಿ ಕರಿದು, ಬಿಸಿ ಸಾಲ್ಸಾದಲ್ಲಿ ಹೊರಳಿಸಿ, ಮೇಲೆ ಒಂದು ಮೊಟ್ಟೆ. ಚಿಲಾಕಿಲೆಸ್ ಅಂತಾರೆ, ಅಲ್ಲಿ ಬೆಳಗಿನ ತಿಂಡಿ. ಮಾಸಾ ಉಳಿದರೆ ಫ್ರಿಜ್ಜಲ್ಲಿ ಎರಡು ದಿನ ಇರತ್ತೆ, ಆಮೇಲೆ ಹುಳಿ ಬರತ್ತೆ. ನಿಮ್ಮಲ್ಲಿ ಯಾವ ಅಂಗಡಿಯ ಜೋಳ ಚೆನ್ನಾಗಿ ಸಿಪ್ಪೆ ಬಿಟ್ಟಿತು, ಎಷ್ಟು ಹೊತ್ತು ಹಿಡೀತು ಅಂತ ವಾಯ್ಸ್ ಮೆಸೇಜ್ ಕಳಿಸಿ. ಸುಣ್ಣದ ಡಬ್ಬಿ ಮಾತ್ರ ಅಜ್ಜ ಮಧ್ಯಾಹ್ನದ ಕವಳಕ್ಕೆ ಕೂರೋದರೊಳಗೆ ವಾಪಸ್ ಇಟ್ಟಿರಿ.